ಉತಾರ ಆತ?

ಬೆಳಗಾವಿಯ ಮೂರನೇ ರೇಲ್ವೆ ಗೇಟ್ ದಾಟಿ ಉದ್ಯಮಬಾಗದ ಕಡೆ ಹೋಗುವಾಗ ಸಿಗುವ ಒಂದು ಹೊಸ ಅಪಾರ್ಟ್‌ಮೆಂಟಿನಲ್ಲಿ, ಎರಡನೇ ಮಜಲಿನಲ್ಲಿ ನಮ್ಮ ಫ್ಲ್ಯಾಟು. ಕೀಲಿ ಕೈಗೆ ಬಂದಾಗ ಅದಿನ್ನೂ ಮನೆಯಾಗಿರಲಿಲ್ಲ. ಕಾಲಮ್ಮು, ಸ್ಲ್ಯಾಬು, ಬ್ಲಾಕಿನ ಗೋಡೆ, ಹೊರಮೈಗೆ ಗಿಲಾವ, ಇಷ್ಟೇ. ಒಳಗೆ ಫರಸಿ ಇಲ್ಲ, ನಳ ಇಲ್ಲ, ವೈರಿಲ್ಲ. ಕೋಣೆಯ ಬಾಗಿಲೆಂದರೆ ಗೋಡೆಯಲ್ಲಿ ಬಿಟ್ಟ ಕಂಡಿ. ಬೆಲೆ ಇಳಿಸಿಕೊಡುತ್ತೇವೆ, ಒಳಗಿನ ಕೆಲಸ ನೀವೇ ಮಾಡಿಸಿಕೊಳ್ಳಿ ಎಂದಿದ್ದರು, ಒಪ್ಪಿದ್ದೆವು.

ಕಾರ್ಪೆಟ್ ಏರಿಯಾ 540 ಚದರಡಿ. ಬೈಲಹೊಂಗಲದ ಕಡೆ ಹೊಲ ಮಾಡಿಕೊಂಡಿದ್ದ ಅವ್ವನಿಗೆ ಅಡಿಯ ಲೆಕ್ಕ ತಲೆಗೆ ಹತ್ತುವುದಿಲ್ಲ. ಗುಂಟೆಗೆ 1,089 ಚದರಡಿ, ಹಾಗಾಗಿ ‘ಅರ್ಧ ಗುಂಟೆ’ ಎಂದೆ. “ನಮ್ಮ ಕಣಾನೂ ಇದಕ್ಕಿಂತ ದೊಡ್ಡದಿತ್ತಲ್ಲೋ” ಎಂದಳು. ಹಾಗೆಂದವಳು ಸಿಮೆಂಟಿನ ಧೂಳಿನಲ್ಲಿ ಬರಿಗಾಲಲ್ಲಿ ನಡೆದು ಒಂದೊಂದೇ ಗೋಡೆಯನ್ನು ಮುಟ್ಟಿ ನೋಡಿದಳು. 2016ರ ರೇರಾ ಕಾಯ್ದೆಯ ಪ್ರಕಾರ ಈ ಏರಿಯಾದೊಳಗೆ ನಡುಗೋಡೆಗಳು ಸೇರುತ್ತವೆ, ಹೊರಗೋಡೆ ಮತ್ತು ಬಾಲ್ಕನಿ ಸೇರುವುದಿಲ್ಲ. ನಾನು ಹೇಳಹೊರಟದ್ದು ಆ ಲೆಕ್ಕದ ಹೊರಗೇ ಉಳಿದ, ಅಡುಗೆಮನೆಗೆ ಅಂಟಿಕೊಂಡ ಬಾಲ್ಕನಿಯ ಸಂಗತಿ. ಆರಡಿ ಉದ್ದ, ನಾಲ್ಕಡಿ ಅಗಲ.

ನಮ್ಮ ಗೌಂಡಿ ಮಾಮಾ ಖಾನಾಪುರ ತಾಲ್ಲೂಕಿನವರು. ಕನ್ನಡ ಚೆನ್ನಾಗಿಯೇ ಆಡುತ್ತಾರೆ, ಆದರೆ ಕೈಯಲ್ಲಿ ಥಾಪಿ ಹಿಡಿದರೆಂದರೆ ಮಾತು ಮರಾಠಿಗೆ ಹೊರಳುತ್ತದೆ. ಕರೆಂಟಿನ ಕೆಲಸದವನು ಗೋಕಾಕದ ಹುಡುಗ, ಅಚ್ಚ ಕನ್ನಡ. ಬಡಿಗ ರಾಜಸ್ಥಾನದವನು, ಅವನ ಸಂಗಡ ಹಿಂದಿ. ನಾಲ್ಕು ತಿಂಗಳು ನಾನು ಈ ಮೂವರ ನಡುವೆ ಮಾತು ಸಾಗಿಸಿದೆ. ಉಸುಕಿಗೆ ವಾಳೂ, ಇಟ್ಟಂಗಿಗೆ ವೀಟ, ಗೋಡೆಗೆ ಭಿಂತ, ತೂಗುಗುಂಡಿಗೆ ಓಳಂಬಾ. ಉಸುಕು ತರಿಸುವಾಗ ‘ಬ್ರಾಸ್’ ಎಂದರೆ 100 ಘನ ಅಡಿ. ಅದೇ ಬ್ರಾಸ್ ಗಿಲಾವದ ಲೆಕ್ಕಕ್ಕೆ ಬಂದರೆ 100 ಚದರಡಿ. ‘ಪರ್ವಾ ಬರ್ತೇನ್ರಿ’ ಎಂದು ಮಾಮಾ ಹೇಳಿದರೆ ಅದು ನಾಡಿದ್ದು, ‘ಪರ್ವಾ ಬಂದಿದ್ನಿ’ ಎಂದರೆ ಮೊನ್ನೆ. ಮರಾಠಿಯಲ್ಲಿ ಎರಡಕ್ಕೂ ಒಂದೇ ಶಬ್ದ. ಇವುಗಳಿಂದ ನಮಗೆ ಒಂದು ದಿನವೂ ತೊಂದರೆಯಾಗಲಿಲ್ಲ. ಗೊತ್ತಿಲ್ಲದ ಶಬ್ದವನ್ನು ಎಲ್ಲರೂ ಕೇಳಿ ತಿಳಿದುಕೊಳ್ಳುತ್ತಾರೆ.

ಶಬ್ದಗಳಿಗೆ ಗಡಿಯ ಹಂಗೂ ಇಲ್ಲ. ನೀರು ಹೋಗುವ ತೂತಿಗೆ ಕೂರಿಸುವ ‘ನಹಾನಿ ಟ್ರ್ಯಾಪ್’ ಬೆಂಗಳೂರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಅದೇ ಹೆಸರಿಗೆ ಸಿಗುತ್ತದೆ. ‘ನ್ಹಾಣಿ’ ಅಂದರೆ ಮರಾಠಿಯಲ್ಲಿ ಬಚ್ಚಲು. ನಮ್ಮ ತುಪ್ಪ ಆ ಕಡೆಗೆ ಹೋಗಿ ‘ತೂಪ’ ಆಯಿತು, ಅವರ ಬಚ್ಚಲು ಈ ಕಡೆಗೆ ಬಂದು ಪೈಪಿನೊಳಗೆ ಕೂತಿತು.

ಅವ್ವನಿಗೆ ನಿಂತು ಭಾಂಡೆ ತಿಕ್ಕುವ ರೂಢಿಯಿಲ್ಲ. ಬಾಲ್ಕನಿಯಲ್ಲಿ ಮಣೆ ಹಾಕಿಕೊಂಡು ಕೂತು ತಿಕ್ಕಲು ಒಂದು ಸಣ್ಣ ಬಚ್ಚಲು ಬೇಕೆಂದಳು. ಮಾಮಾ ಟೇಪು ಹಿಡಿದು ಅಳೆದು, “ಆಯೀ, ಇಲ್ಲೇ ಮೋರಿ ಮಾಡೂಣು” ಎಂದರು. ಅವ್ವನ ಮುಖ ಇಳಿದುಹೋಯಿತು. “ಮೋರಿ ರಸ್ತೆ ಕೆಳಗ ಇರತೈತಿ. ಅಡಗಿಮನಿ ಮಗ್ಗಲಕ ಯಾಕ ಮಾಡತಾನ ಇವಾ?” ಮರಾಠಿ ಮನೆಗಳಲ್ಲಿ ಮೋರಿಯೆಂದರೆ ಮನೆಯೊಳಗಿನ ತೊಳೆಯುವ ಮೂಲೆ. ಅದನ್ನು ತಿಳಿಸಿ ಹೇಳಿದ ಮೇಲೂ ಅವಳು “ಬಚ್ಚಲ ಅನ್ರಿ” ಎಂದೇ ಹಟ ಹಿಡಿದಳು. ಮಾಮಾ ಅಂದಿನಿಂದ ಬಚ್ಚಲ ಎಂದೇ ಅಂದರು. ಆ ಹಿರಿಯರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲಿ.

ಈಗ ಒಂದು ಫೋನಿನ ಮಾತು. ಉತ್ತರ ಕರ್ನಾಟಕದಲ್ಲಿ ಆಸ್ತಿಯ ದಾಖಲೆಯ ನಕಲಿಗೆ ‘ಉತಾರ’ ಎನ್ನುತ್ತೇವೆ. ಆ ವಾರ ನಾನು ಫ್ಲ್ಯಾಟಿನ ಉತಾರಕ್ಕಾಗಿ ಓಡಾಡುತ್ತಿದ್ದೆ. ಒಂದು ಮಧ್ಯಾಹ್ನ ನನ್ನ ಸರದಿ ಮುಗಿಯುವ ಹೊತ್ತಿಗೆ ಫೋನು ಬಂತು. ಮಾಮಾನ ಅಕ್ಕನ ಮಗ. ಕೊಲ್ಹಾಪುರ ಜಿಲ್ಲೆಯ ಚಂದಗಡದಿಂದ ಆ ವಾರವಷ್ಟೇ ಕೆಲಸಕ್ಕೆ ಬಂದಿದ್ದ ಹುಡುಗ, ಕನ್ನಡ ಬಾರದು. ಹಿಂದೆ ಕಟರ್ ಮಶೀನಿನ ಸಪ್ಪಳ. ಮಾತು ತುಂಡು ತುಂಡಾಗಿ ಕೇಳಿಸಿತು. “ಸಾಹೇಬ, ಉತಾರ... ಆತ?”

ಅಷ್ಟೊತ್ತಿಗೆ ಕಾಗದ ನನ್ನ ಕೈಗೆ ಬಂದಿತ್ತು. “ಹೂಂ, ಆತ” ಎಂದೆ. ಆಯಿತು ಎಂಬುದಕ್ಕೆ ನಾವು ಹಾಗೇ ಅನ್ನುವುದು.

ಮರಾಠಿಯಲ್ಲಿ ‘ಉತಾರ’ ಅಂದರೆ ಇಳಿಜಾರು. ‘ಆತ’ ಅಂದರೆ ಒಳಗೆ. ಬಾಲ್ಕನಿಯ ಇಳಿಜಾರನ್ನು ಒಳಮುಖವಾಗಿ ಕೊಡಲೇ ಎಂದು ಹುಡುಗ ಕೇಳಿದ್ದ. ಒಳಗೋಡೆಯ ಬುಡದಲ್ಲೂ ಒಂದು ಪೈಪು ಕಂಡು ಅವನಿಗೆ ಅನುಮಾನ ಬಂದಿತ್ತು. ಹೌದು, ಒಳಗೇ ಎಂದು ನಾನು ಹೇಳಿದಂತಾಯಿತು. ಎರಡೂ ಕಡೆ ಅವೇ ಎರಡು ಶಬ್ದ, ಎರಡೂ ಕಡೆ ಪೂರ್ತಿ ಅರ್ಥ. ಇನ್ನೊಮ್ಮೆ ಕೇಳಬೇಕೆಂದು ಇಬ್ಬರಿಗೂ ಅನ್ನಿಸುವ ಕಾರಣವೇ ಇರಲಿಲ್ಲ. ಮೂವತ್ತು ವರ್ಷ ಈ ಊರಲ್ಲಿ ಎರಡು ಭಾಷೆ ಆಡಿಕೊಂಡು ಬಂದವನಿಗೆ, ಅಪಾಯವಿರುವುದು ಅವರವರದೇ ಶಬ್ದಗಳಲ್ಲಿ ಅಲ್ಲ, ನಮ್ಮಿಬ್ಬರಿಗೂ ಸೇರಿದ ಶಬ್ದಗಳಲ್ಲಿ ಎಂಬುದು ಹೊಳೆದದ್ದು ಅಂದೇ.

ಬಚ್ಚಲಿಗೆ ಎಂಟಡಿಗೆ ಒಂದಿಂಚು ಇಳಿಜಾರು ಬೇಕು. ನಾಲ್ಕಡಿ ಅಗಲಕ್ಕೆ ಅರ್ಧ ಇಂಚು. ಅಷ್ಟು ಕಣ್ಣಿಗೆ ಕಾಣುವುದಿಲ್ಲ. ಎರಡು ದಿನ ಬಿಟ್ಟು ತೊಳೆಯಲೆಂದು ಒಂದು ಬಕೀಟು ನೀರು ಸುರಿದಾಗ ಅದು ಸಾವಕಾಶವಾಗಿ ಅಡುಗೆಮನೆಯ ಹೊಸ್ತಿಲ ಕಡೆ ಬಂತು. ಫರಸಿ ಕೀಳಬೇಕಾಯಿತು. ಅರ್ಧದಷ್ಟು ಒಡೆದವು. ಕೆಳಗಿನ ವಾಟರ್‌ಪ್ರೂಫಿಂಗ್ ಒಂದು ಕಡೆ ಕೆತ್ತಿಹೋಗಿತ್ತು. ಮತ್ತೆ ಬಳಿದು, ಒಣಗಿಸಿ, ಅಂಚಿಗೆ ಮಣ್ಣಿನ ಒಡ್ಡು ಕಟ್ಟಿ, ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗೆರೆ ಎಳೆದು 48 ತಾಸು ಕಾದೆವು. ಕೆಳಗಿನ ಮನೆಯ ಕಾಕೂ ತಮ್ಮ ಸ್ಟೂಲ್ ತಂದುಕೊಟ್ಟರು. ನಾನು ಹತ್ತಿ ಅವರ ಸ್ಲ್ಯಾಬಿಗೆ ಅಂಗೈ ಹಚ್ಚಿ ನೋಡಿದೆ. ಒಣಗಿಯೇ ಇತ್ತು. ಹುಡುಗ ಆ ಎರಡು ದಿನ ಊಟಕ್ಕೂ ಸರಿಯಾಗಿ ಕೂರಲಿಲ್ಲ. ತಪ್ಪು ಅವನದಲ್ಲ, ಕೂಲಿ ಪೂರ್ತಿ ಕೊಡುತ್ತೇನೆಂದು ಕನ್ನಡದಲ್ಲೂ ಮರಾಠಿಯಲ್ಲೂ ಹೇಳಿದೆ. ಅವತ್ತಿನಿಂದ ಎಲ್ಲ ಕೆಲಸಕ್ಕೂ ಗೋಡೆಯ ಮೇಲೆ ಸೀಮೆಸುಣ್ಣದ ಬಾಣ ಎಳೆಯತೊಡಗಿದೆವು. ಆ ಬಾಣಗಳಲ್ಲಿ ಒಂದು ಪುಟ್ಟಿಯ ಕೆಳಗೆ ಈಗಲೂ ಇದೆ.

ಅಡುಗೆ ಕಟ್ಟೆಯ ಎತ್ತರಕ್ಕೆ ಮಾತ್ರ ಯಾವ ಭಾಷೆಯೂ ಬೇಕಾಗಲಿಲ್ಲ. ಸಾಮಾನ್ಯವಾಗಿ 33–34 ಇಂಚು ಇಡುತ್ತಾರೆ. ಜೋಳದ ರೊಟ್ಟಿ ಬಡಿಯುವವರಿಗೆ ಅದು ಎತ್ತರ. ತೋಳಿನ ಭಾರ ಮೇಲಿನಿಂದ ಬೀಳಬೇಕು. ಮಾಮಾ ಅವ್ವನನ್ನು ನಿಲ್ಲಿಸಿ, ಎರಡು ಬ್ಲಾಕಿನ ಮೇಲೆ ಒಂದು ಹಲಗೆಯಿಟ್ಟು, ರೊಟ್ಟಿ ಬಡಿದು ತೋರಿಸಿರಿ ಎಂದರು. ಹಿಟ್ಟಿಲ್ಲ, ನೀರಿಲ್ಲ. ಬರಿ ಹಲಗೆಯ ಮೇಲೆ ಅವಳ ಅಂಗೈ ಸುತ್ತುತ್ತಾ ಬಡಿಯಿತು. ಎರಡು ಸಲ ಹಲಗೆ ಏರಿಸಿ ಇಳಿಸಿ, ಅವಳ ಭುಜ ಸಡಿಲಾದ ಕಡೆ ಅವರು ಗೆರೆ ಎಳೆದರು. 29 ಇಂಚು. ಒಲೆಯ ಮಗ್ಗುಲಿಗೆ ಎರಡಡಿ ಜಾಗ ಅಷ್ಟೇ ಎತ್ತರಕ್ಕೆ ತಗ್ಗಿಸಿ ಕಟ್ಟಿದರು, ಉಳಿದದ್ದು ನನ್ನ ಹೆಂಡತಿಯ ಅಳತೆಗೆ. ರೊಟ್ಟಿ ಬಡಿಯುವುದಕ್ಕೆ ಮರಾಠಿಯಲ್ಲಿ ‘ಥಾಪಣೆ’ ಎನ್ನುತ್ತಾರೆ. ಗೌಂಡಿಯ ಕೈಯ ಥಾಪಿಗೂ ಆ ಹೆಸರು ಅಲ್ಲಿಂದಲೇ.

ಹೊಸ ಫರಸಿ ಕೂಡಿಸಿದ ನಾಲ್ಕನೇ ದಿನ ಅವ್ವ ತಾನೇ ತಂಬಿಗೆ ತುಂಬಿಕೊಂಡು ಬಂದಳು. ಸೆರಗು ಸಿಕ್ಕಿಸಿ ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕೂತು ಒಳಮೂಲೆಗೆ ನೀರು ಬಿಟ್ಟಳು. ಮಾಮಾನೂ ಹುಡುಗನೂ ಬಗ್ಗಿ ನೋಡುತ್ತಿದ್ದರು. ನೀರು ಅರೆಗಳಿಗೆ ನಿಂತಂತಾಗಿ, ಒಂದು ಎಳೆಯಾಗಿ, ಹೊರ ಅಂಚಿನ ಜಾಳಿಗೆಯ ಕಡೆ ಹೊರಟಿತು.

“ಹೋತು” ಎಂದಳು ಅವ್ವ.

“ಗೇಲಂ” ಎಂದ ಹುಡುಗ, ಅದೇ ಉಸಿರಿಗೆ.