ಗುಡ್ಡದ ಮೇಲಣ ವಿದ್ಯಾಲಯವೂ ಕನ್ನಡ ಪಂಡಿತರ ಪೀಠವೂ

ಹದಿನಾರು ಗ್ರಾಮದ ಹೆಸರನ್ನು ಕೇಳಿದೊಡನೆ ಈ ಸೀಮೆಯ ಹಿರಿಯರಿಗೆ ನೆನಪಾಗುವುದು ಯದುರಾಯನ ವೃತ್ತಾಂತ. ದೂರದ ದ್ವಾರಕೆಯಿಂದ ಬಂದ ಸೋದರರಿಬ್ಬರು ಹದಿನಾಡಿನ ರಾಜಕುಮಾರಿ ದೇವಾಜಮ್ಮಣ್ಣಿಯನ್ನು ಆಪತ್ತಿನಿಂದ ಪಾರುಮಾಡಿ, 1399ರಲ್ಲಿ ಇಲ್ಲಿಯೇ ನೆಲೆನಿಂತು, ಮೈಸೂರಿನ ಅರಸುಮನೆತನಕ್ಕೆ ಮೂಲಪುರುಷರಾದರೆಂದು ಪ್ರತೀತಿ. ಇದರಲ್ಲಿ ಐತಿಹ್ಯದ ಪಾಲೆಷ್ಟು, ಇತಿಹಾಸದ ಪಾಲೆಷ್ಟು ಎಂಬ ವಿಚಾರವನ್ನು ಸಂಶೋಧಕರಿಗೆ ಬಿಡಬಹುದು. ಕಥೆಯ ಒಡಲಲ್ಲಿರುವ ತತ್ತ್ವ ಮಾತ್ರ ಸುಳ್ಳಲ್ಲ. ಹೊರಗಿನಿಂದ ಬಂದವನು ನೆಲದ ಕಷ್ಟಕ್ಕೆ ಹೆಗಲು ಕೊಟ್ಟರೆ ನೆಲವು ಅವನನ್ನು ತನ್ನವನೆಂದು ಒಪ್ಪಿಕೊಳ್ಳುತ್ತದೆ. ವ್ಯಕ್ತಿಗಳಿಗೆ ಸಲ್ಲುವ ಈ ಮಾತು ವಿದ್ಯಾಸಂಸ್ಥೆಗಳಿಗೂ ಸಲ್ಲುತ್ತದೆ ಎಂಬುದಕ್ಕೆ ಕರಾವಳಿಯಲ್ಲಿ ಒಂದು ಉತ್ತಮ ನಿದರ್ಶನವಿದೆ. ಅದು ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಲಯ.

ಮಠದ ಆಶ್ರಯದಲ್ಲಿ ನಡೆಯುವ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಕಥೋಲಿಕ ಪಾದ್ರಿಗಳ ಶಾಲೆಯ ಪ್ರಸ್ತಾಪವೇಕೆ ಎಂದು ವಾಚಕರು ಕೇಳಬಹುದು. ಧರ್ಮಸಂಸ್ಥೆಯೊಂದು ಶಾಲೆಯನ್ನು ತೆರೆದಾಗ ಅದರ ಮುಂದೆ ನಿಲ್ಲುವ ಪ್ರಶ್ನೆ ಎಲ್ಲ ಕಡೆಯಲ್ಲೂ ಒಂದೇ. ತನ್ನವರಿಗಾಗಿ ಹಚ್ಚಿದ ದೀಪದ ಬೆಳಕು ಬೀದಿಯಲ್ಲಿ ಹೋಗುವವರಿಗೂ ಬೀಳಬೇಕೆ? ಬಿದ್ದರೆ ದೀಪಕ್ಕೆ ನಷ್ಟವೇನಾದರೂ ಉಂಟೆ? ಈ ಪ್ರಶ್ನೆಗೆ ಬೇರೊಂದು ಮತದವರು ತಮ್ಮ ನಡೆಯಿಂದ ಕೊಟ್ಟ ಉತ್ತರವನ್ನು ಅರಿಯುವುದರಿಂದ ಉಪಕಾರವೇ ಹೊರತು ಅಪಕಾರವಿಲ್ಲ.

ಮಂಗಳೂರಿನ ಕಥೋಲಿಕ ಸಮಾಜಕ್ಕೂ ಕಾವೇರೀ ತೀರಕ್ಕೂ ನೋವಿನದೊಂದು ಹಳೆಯ ನಂಟಿದೆ. ಗೋವೆಯಿಂದ ವಲಸೆ ಬಂದು ಕರಾವಳಿಯಲ್ಲಿ ನೆಲೆಸಿದ್ದ ಕೊಂಕಣಿ ನುಡಿಯ ಈ ಕ್ರೈಸ್ತರನ್ನು 1784ರಲ್ಲಿ ಟೀಪು ಸುಲ್ತಾನನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತರಿಸಿದನು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಅಳಿದರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಉಳಿದವರಲ್ಲಿ ಬಹುಮಂದಿ ತಮ್ಮ ಊರುಗಳಿಗೆ ಮರಳಿದರು. ಮನೆ ಹೋಗಿತ್ತು, ಹೊಲ ಅನ್ಯರ ಪಾಲಾಗಿತ್ತು, ದೇವಾಲಯಗಳು ನೆಲಸಮವಾಗಿದ್ದವು. ಹಾಗೆ ಬರಿಗೈಯಲ್ಲಿ ಬಂದವರ ಮೊಮ್ಮಕ್ಕಳು ಮತ್ತೆ ತಲೆಯೆತ್ತಿ ನಿಂತಾಗ ಮೊದಲು ಬಯಸಿದ ವಸ್ತುಗಳಲ್ಲಿ ಶಾಲೆಯೂ ಒಂದು ಎಂಬುದು ಗಮನಿಸತಕ್ಕ ಸಂಗತಿ. 1870ರಲ್ಲಿ ಕಾರ್ಮೆಲ್ ಸಭೆಯ ಸೋದರಿಯರು ಮಂಗಳೂರಿಗೆ ಬಂದು ಸಂತ ಆನ್ನಳ ಹೆಸರಿನಲ್ಲಿ ಬಾಲಿಕೆಯರ ಶಿಕ್ಷಣವನ್ನು ಆರಂಭಿಸಿದರು. ಬಾಲಕರಿಗೂ ತಕ್ಕದೊಂದು ವಿದ್ಯಾಲಯವಾಗಬೇಕೆಂದು ಊರಿನ ಗೃಹಸ್ಥರು ರೋಮಿಗೆ ಬಿನ್ನಹಗಳನ್ನು ಕಳುಹಿಸಿದರು. ಅದರ ಫಲವಾಗಿ ಪೋಪ್ 13ನೆಯ ಲಿಯೋ 1878ರಲ್ಲಿ ಮಂಗಳೂರಿನ ಧರ್ಮಕಾರ್ಯವನ್ನು ಯೇಸುಸಭೆಯವರಿಗೆ ಒಪ್ಪಿಸಿದನು. ಅದೇ ವರ್ಷದ ಕೊನೆಯ ದಿನ ಈ ಸಭೆಯ ಪಾದ್ರಿಗಳ ಮೊದಲ ತಂಡ ಮಂಗಳೂರಿನಲ್ಲಿ ಇಳಿಯಿತು.

ಒಂದು ವರ್ಷ ಕಳೆದ ಕೆಲವೇ ದಿನಗಳಲ್ಲಿ, 1880ರ ಜನವರಿ 12ರಂದು, ಕೊಡಿಯಾಲಬೈಲಿನ ಒಂದು ಮನೆಯಲ್ಲಿ ಸುಮಾರು 150 ವಿದ್ಯಾರ್ಥಿಗಳೊಡನೆ ಪಾಠ ಮೊದಲಾಯಿತು. ಸ್ವಂತ ಕಟ್ಟಡಕ್ಕೆ ನೆಲ ಬೇಕಾದಾಗ ಲಾರೆನ್ಸ್ ಲೋಬೋ ಪ್ರಭುಗಳೆಂಬ ಗೃಹಸ್ಥರು, ಇಂದು ಲೈಟ್‌ಹೌಸ್ ಗುಡ್ಡವೆಂದು ಜನ ಕರೆಯುವ ಎತ್ತರದಲ್ಲಿ, ತಮ್ಮ ಭೂಮಿಯನ್ನು ದಾನವಾಗಿತ್ತರು. 1882ರಲ್ಲಿ ಅಸ್ತಿಭಾರವಾಯಿತು, 1885ರಲ್ಲಿ ತರಗತಿಗಳು ಗುಡ್ಡವನ್ನೇರಿದವು. ಶಾಲೆಯ ಮೇಲೆ ಕಾಲೇಜಿನ ತರಗತಿಗಳೂ ಕ್ರಮವಾಗಿ ಬೆಳೆದು ಮದರಾಸು ವಿಶ್ವವಿದ್ಯಾನಿಲಯದ ಮಾನ್ಯತೆಯನ್ನು ಪಡೆದವು. ಬಂದವರು ವಿದ್ಯೆ ತಂದರು, ಇದ್ದವರು ನೆಲ ಕೊಟ್ಟರು. ಎರಡರಲ್ಲಿ ಒಂದಿಲ್ಲದಿದ್ದರೂ ಈ ಕಥೆ ಇಲ್ಲ.

ವಿದ್ಯಾಲಯಕ್ಕೆ ಹೆಸರಿತ್ತ ಅಲೋಶಿಯಸ್ ಗೊನ್ಜಾಗ ಇಟಲಿಯ ಸಿರಿವಂತ ಮನೆತನದ ಕುವರ. ಸಂಪತ್ತಿನ ಹಕ್ಕನ್ನು ತೊರೆದು ಯೇಸುಸಭೆಯನ್ನು ಸೇರಿದ ಈ ತರುಣನು ರೋಮಿನಲ್ಲಿ ಪಿಡುಗು ಹಬ್ಬಿದಾಗ ರೋಗಿಗಳ ಸೇವೆಗೆ ನಿಂತು, ತಾನೂ ಆ ರೋಗಕ್ಕೆ ತುತ್ತಾಗಿ, 1591ರಲ್ಲಿ ತನ್ನ 23ನೆಯ ವಯಸ್ಸಿನಲ್ಲಿ ತೀರಿಕೊಂಡನು. ಇವನ ಚರಿತ್ರೆಯನ್ನು ವಿದ್ಯಾಲಯದ ಪ್ರಾರ್ಥನಾಮಂದಿರದ ಮಾಳಿಗೆಯಲ್ಲಿ ಚಿತ್ರಿಸಿದವರು ಬೆರ್ಗಮೋ ಪ್ರಾಂತದಿಂದ ಬಂದ ಸೋದರ ಆಂತೋನಿಯೋ ಮೊಸ್ಕೇನಿ. 1899ರಿಂದ 1901ರವರೆಗೆ ಅವರು ಮಂದಿರದ ಗೋಡೆಗಳ ಮೇಲೆ ಹಸಿ ಗಾರೆಗೆ ಬಣ್ಣವಿಡುವ ವಿಧಾನದಿಂದಲೂ ಮಾಳಿಗೆಗೆ ಬಟ್ಟೆಯ ಮೇಲೆ ತೈಲವರ್ಣದಿಂದಲೂ ಚಿತ್ರಗಳನ್ನು ಬರೆದರು. ಗಾರೆ ಆರುವ ಮುನ್ನ ಬಣ್ಣ ಸೇರಬೇಕು. ಆರಿದ ಮೇಲೆ ತಿದ್ದುವುದು ಕಷ್ಟ. ಎಳೆಯ ಮನಸ್ಸಿಗೆ ಸಂಸ್ಕಾರವನ್ನು ಕೊಡುವ ಉಪಾಧ್ಯಾಯನ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಉಪಮಾನ ದೊರೆಯುವುದು ವಿರಳ. ಮೊಸ್ಕೇನಿಯವರು ತಮ್ಮ ದೇಶಕ್ಕೆ ಮರಳಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ಕಾಲವಾದರು.

ಗುಡ್ಡವನ್ನು ಹತ್ತಿ ಬರುತ್ತಿದ್ದ ಹುಡುಗರಾದರೋ ಒಂದೇ ಬಗೆಯವರಲ್ಲ. ಕ್ರೈಸ್ತರ ಹಾಗೂ ಗೌಡ ಸಾರಸ್ವತರ ಮನೆಗಳಲ್ಲಿ ಕೊಂಕಣಿ, ಬಂಟ ಬಿಲ್ಲವರ ಮನೆಗಳಲ್ಲಿ ತುಳು, ಮುಸಲ್ಮಾನರ ಮನೆಗಳಲ್ಲಿ ಬ್ಯಾರಿ, ಹವ್ಯಕರ ಮನೆಗಳಲ್ಲಿ ಹವಿಗನ್ನಡ. ಬಯಲುಸೀಮೆಯ ವಾಚಕರಿಗೆ ಇದು ವಿಚಿತ್ರವೆನಿಸಬಹುದು. ನಂಜನಗೂಡು, ನರಸೀಪುರಗಳ ಹಳ್ಳಿಯ ಹುಡುಗನಿಗೆ ಕನ್ನಡವು ತಾಯ ಎದೆಹಾಲಿನೊಡನೆ ಬರುತ್ತದೆ; ಶಾಲೆ ಅದನ್ನು ತಿದ್ದಿದರೆ ಸಾಕು. ಮಂಗಳೂರಿನಲ್ಲಿ ಬಹುಪಾಲು ಮಕ್ಕಳಿಗೆ ಕನ್ನಡವು ಶಾಲೆಯ ಹೊಸ್ತಿಲು ದಾಟಿದ ಮೇಲೆ ದೊರೆಯುವ ನುಡಿ. ಮನೆಯಲ್ಲಿ ಬೇರೆ ಬೇರೆ ಮಾತನಾಡುವ ನಾಲ್ವರು ಹುಡುಗರು ಒಂದೇ ಬೆಂಚಿನ ಮೇಲೆ ಕುಳಿತು ಓದುವ ಕಾವ್ಯಭಾಷೆ ಅದು. ಆದುದರಿಂದ ಅಲ್ಲಿ ಕನ್ನಡ ಪಂಡಿತನ ಹೊಣೆ ಇಮ್ಮಡಿ. ಅವನು ಪಾಠವನ್ನು ಹೇಳಿದರೆ ಸಾಲದು, ನುಡಿಯ ಮೇಲೆ ಒಲವನ್ನೂ ಹುಟ್ಟಿಸಬೇಕು.

ಯೇಸುಸಭೆಯವರ ಶಿಕ್ಷಣಕ್ರಮಕ್ಕೆ 1599ರಲ್ಲಿ ಸಿದ್ಧವಾದ ನಿಯಮಗ್ರಂಥವೇ ಆಧಾರ. ನಿನ್ನೆಯ ಪಾಠವನ್ನು ಇಂದು ಒಪ್ಪಿಸುವುದು, ವಾರದ ಪಾಠವನ್ನು ವಾರಾಂತ್ಯದಲ್ಲಿ ಮರಳಿ ಹೇಳುವುದು, ಸಹಪಾಠಿಗಳಲ್ಲಿ ಸ್ಪರ್ಧೆಯನ್ನು ಏರ್ಪಡಿಸುವುದು, ವಾದಗೋಷ್ಠಿ, ನಾಟಕಾಭಿನಯ, ಇವೆಲ್ಲ ಆ ಕ್ರಮದ ಅಂಗಗಳು. ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಂಥ ಎಡೆಗಳಲ್ಲಿ ನಡೆದು ಬಂದ ಪಾಠ, ಚಿಂತನೆ, ವಾಕ್ಯಾರ್ಥಗಳ ಪದ್ಧತಿಯನ್ನು ಬಲ್ಲವರಿಗೆ ಇದು ಹೊರಗಿನದೆನಿಸದು. ಸಾವಿರಾರು ಹರಿದಾರಿ ಅಂತರದಲ್ಲಿ ಒಬ್ಬರನ್ನೊಬ್ಬರು ಕಾಣದ ಗುರುಗಳು ಒಂದೇ ಸತ್ಯವನ್ನು ಕಂಡುಕೊಂಡಿದ್ದರು. ವಿದ್ಯೆಯು ಕಿವಿಯಿಂದ ಒಳಹೊಕ್ಕರೂ ನಾಲಗೆಯಲ್ಲಿ ನೆಲೆಸಬೇಕು.

ಮತಬೋಧೆಯ ವಿಷಯವೇನು ಎಂಬ ಶಂಕೆ ಸಹಜ. ಸ್ವಮತದ ಮಕ್ಕಳಿಗೆ ಜ್ಞಾನೋಪದೇಶ, ಉಳಿದವರಿಗೆ ನೀತಿಪಾಠ ಎಂಬ ವಿಭಾಗವು ಕಥೋಲಿಕ ಶಾಲೆಗಳಲ್ಲಿ ರೂಢಿಗೆ ಬಂದ ಕ್ರಮ. ಸ್ವತಂತ್ರ ಭಾರತದ ಸಂವಿಧಾನದ 28ನೆಯ ಅನುಚ್ಛೇದವು, ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಪೋಷಕರ ಸಮ್ಮತಿಯಿಲ್ಲದೆ ಯಾವ ಬಾಲಕನನ್ನೂ ಮತಬೋಧೆಗೆ ಕೂರಿಸಲಾಗದೆಂದು ವಿಧಿಸಿತು. 30ನೆಯ ಅನುಚ್ಛೇದವು ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿತು. ಎರಡನ್ನೂ ಒಟ್ಟಿಗೆ ಓದಿದರೆ ತಾತ್ಪರ್ಯ ಸ್ಪಷ್ಟ: ನಡೆಸುವವನಿಗೆ ತನ್ನ ಮತದ ಸ್ವಾತಂತ್ರ್ಯ, ಕಲಿಯುವವನಿಗೆ ತನ್ನದರ ಸ್ವಾತಂತ್ರ್ಯ.

ಕಾನೂನು ಕಲಿಸಲಾರದುದನ್ನು ಗುರುಗಳ ಬಾಳು ಕಲಿಸುತ್ತದೆ. ಜರ್ಮನಿಯಲ್ಲಿ ಹುಟ್ಟಿ ಮಂಗಳೂರಿಗೆ ಬಂದು ಈ ವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಪಾದ್ರಿ ಅಗಸ್ಟಸ್ ಮುಲ್ಲರ್ ಅವರ ಬಳಿ ಹೋಮಿಯೋಪಥಿ ಔಷಧಗಳ ಪೆಟ್ಟಿಗೆಯಿತ್ತು. 1880ರಲ್ಲಿ ಬಡವರಿಗೆ ಔಷಧ ಹಂಚುವುದರಿಂದ ಆರಂಭವಾದ ಆ ಸೇವೆಯು ಕಂಕನಾಡಿಯಲ್ಲಿ ಬೇರೂರಿ, 1890ರಲ್ಲಿ ಕುಷ್ಠರೋಗಿಗಳ ಆಶ್ರಯಧಾಮವಾಗಿ, ಕ್ರಮೇಣ ದೊಡ್ಡ ಆಸ್ಪತ್ರೆಯಾಗಿ ಬೆಳೆಯಿತು. ಅದೇ ಸಭೆಯ ಪಾದ್ರಿ ಆಂಜೆಲೋ ಮಫೈ 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ಇಂಗ್ಲಿಷ್-ಕೊಂಕಣಿ ನಿಘಂಟನ್ನೂ ಹೊರತಂದರು. ಈ ಕಥೋಲಿಕ ಪಾದ್ರಿಯ ಗ್ರಂಥಗಳು ಅಚ್ಚಾದದ್ದು ಪ್ರಾಟೆಸ್ಟೆಂಟರಾದ ಬಾಸೆಲ್ ಮಿಶನ್ನಿನವರ ಮುದ್ರಣಾಲಯದಲ್ಲಿ! ಮತದಲ್ಲಿ ಕೂಡದವರು ಅಕ್ಷರದ ಮೊಳೆಗಳ ಬಳಿ ಕೂಡಿದರು.

ಇಷ್ಟೆಲ್ಲ ಇದ್ದರೂ, ಕನ್ನಡಿಗರು ಈ ವಿದ್ಯಾಲಯಕ್ಕೆ ವಿಶೇಷವಾಗಿ ಋಣಿಗಳಾಗಿರುವುದು ಬೇರೊಂದು ಕಾರಣದಿಂದ. ಇಂಗ್ಲಿಷಿಗೆ ಅಗ್ರಪೂಜೆ ಸಲ್ಲುತ್ತಿದ್ದ ದಿನಗಳಲ್ಲಿ, ವಿದೇಶೀಯರು ಕಟ್ಟಿದ ಈ ಸಂಸ್ಥೆಯಲ್ಲಿ ಕನ್ನಡ ಪಂಡಿತರ ಪೀಠವನ್ನು ಅಲಂಕರಿಸಿದವರು ಯಾರು? ಮುಳಿಯ ತಿಮ್ಮಪ್ಪಯ್ಯನವರು (1888–1950). 1938ರಲ್ಲಿ ಪ್ರಕಟವಾದ ಅವರ ‘ನಾಡೋಜ ಪಂಪ’ವು ಆದಿಕವಿಯ ಕಾಲ, ದೇಶ, ಕಾವ್ಯಗಳನ್ನು ಒರೆಗೆ ಹಚ್ಚಿ ನೋಡಿದ ಮಹತ್ತ್ವದ ಗ್ರಂಥ. ಕಥೋಲಿಕರ ವಿದ್ಯಾಲಯದ ಸಂಬಳವನ್ನುಂಡು, ಹವ್ಯಕ ಬ್ರಾಹ್ಮಣರೊಬ್ಬರು, ಜೈನಕವಿಯ ಮೇಲೆ ಹೊತ್ತಗೆಯನ್ನು ಬರೆದರು! ಅವರ ಹಾದಿಯಲ್ಲಿಯೇ ಬಂದವರು ಪಂಡಿತ ಸೇಡಿಯಾಪು ಕೃಷ್ಣಭಟ್ಟರು (1902–1996). ಮೊದಲು ಪ್ರೌಢಶಾಲೆಯಲ್ಲಿಯೂ ಬಳಿಕ ಕಾಲೇಜಿನಲ್ಲಿಯೂ ಪಾಠ ಹೇಳಿದ ಅವರು ಕನ್ನಡ ಛಂದಸ್ಸು ಮತ್ತು ವ್ಯಾಕರಣಗಳಲ್ಲಿ ನಡೆಸಿದ ಶೋಧನೆ ವಿದ್ವನ್ಮಾನ್ಯವಾದುದು. 1994ರಲ್ಲಿ ‘ವಿಚಾರ ಪ್ರಪಂಚ’ಕ್ಕೆ ಪಂಪ ಪ್ರಶಸ್ತಿ ಸಂದಿತು. ಅದೇ ಊರಿನಲ್ಲಿ ಕಾರ್ಮೆಲ್ ಸೋದರಿಯರು 1921ರಲ್ಲಿ ಸ್ಥಾಪಿಸಿದ ಸಂತ ಆಗ್ನೆಸ್ ಮಹಿಳಾ ಕಾಲೇಜಿನಲ್ಲಿ ಕವಿ ಕಡೆಂಗೋಡ್ಲು ಶಂಕರಭಟ್ಟರು ಕನ್ನಡವನ್ನು ಬೋಧಿಸಿದರು. ಒಂದು ಕಡೆ ನಡೆದರೆ ಆಕಸ್ಮಿಕವೆನ್ನಬಹುದಾಗಿತ್ತು. ಎರಡು ಕಡೆಯಲ್ಲಿಯೂ ನಡೆದುದನ್ನು ಹಾಗೆನ್ನುವುದು ಕಷ್ಟ.

ಅಂದಿನ ಶಾಲೆಗಳಲ್ಲಿ ದೇಶಭಾಷಾ ಪಂಡಿತನ ಸ್ಥಾನ ಎತ್ತರದ್ದಾಗಿರಲಿಲ್ಲ. ಇಂಗ್ಲಿಷ್ ಬಲ್ಲ ಪದವೀಧರನಿಗಿಂತ ಸಂಬಳ ಕಡಿಮೆ, ವೇಳಾಪಟ್ಟಿಯಲ್ಲಿ ಉಳಿದುಬಿದ್ದ ಗಂಟೆಗಳು, ಹುಡುಗರ ಅಣಕದ ಮಾತಿಗೆ ಅವನ ಪಂಚೆ ರುಮಾಲುಗಳು ಸುಲಭದ ಗುರಿ. ಆದರೂ ಕನ್ನಡದ ಶಾಸ್ತ್ರಸಾಹಿತ್ಯವನ್ನು ಕಾಪಾಡಿದವರಲ್ಲಿ ಅಲ್ಪವೇತನದ ಇಂಥ ಪಂಡಿತರ ಪಾಲು ದೊಡ್ಡದು. ‘ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ?’ ಎಂದು ಗಾದೆ ಕೇಳುತ್ತದೆ. ಟಿಪ್ಪಣಿ ಬರೆಸುವ ಉಪಾಧ್ಯಾಯನು ಕಟ್ಟಿಕೊಡುವುದು ಬುತ್ತಿಯನ್ನು; ಅದು ಪರೀಕ್ಷೆಯ ಸಂಜೆಗೆ ಹಳಸುತ್ತದೆ. ತಾನೇ ದಿನವೂ ಉಳುತ್ತಿರುವ ವಿದ್ವಾಂಸನು ಶಿಷ್ಯನಿಗೆ ಕೊಡುವುದು ಬಿತ್ತನೆಯ ಬೀಜವನ್ನು.

ಈ ವಿದ್ಯಾಲಯದ ಹಳೆಯ ವಿದ್ಯಾರ್ಥಿಗಳು ಹೋದ ದಾರಿಗಳು ಹಲವು. ಕಾರ್ಮಿಕರ ನಾಯಕರಾಗಿ, ಕೇಂದ್ರದ ಮಂತ್ರಿಗಳಾಗಿ, ಕೊಂಕಣ ರೈಲುಮಾರ್ಗಕ್ಕೆ ಕಾರಣರಾದ ಜಾರ್ಜ್ ಫರ್ನಾಂಡಿಸ್ ಪ್ರೌಢಶಾಲೆಯ ಶಿಕ್ಷಣವನ್ನು ಮುಗಿಸಿದ್ದು ಇಲ್ಲಿಯೇ. 1990ರಲ್ಲಿ ಇಲ್ಲಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ರಾಜ್ಯಕ್ಕೆ ಪ್ರಥಮರಾಗಿ ತೇರ್ಗಡೆಯಾದ ಅರವಿಂದ ಅಡಿಗರು 2008ರಲ್ಲಿ ತಮ್ಮ ಇಂಗ್ಲಿಷ್ ಕಾದಂಬರಿಗೆ ಬೂಕರ್ ಪ್ರಶಸ್ತಿಯನ್ನು ಪಡೆದರು. ಕಾಲೇಜು 2024ರಲ್ಲಿ ಸ್ವಯಂ ವಿಶ್ವವಿದ್ಯಾನಿಲಯಕ್ಕೆ ಸಮಾನವಾದ ಸ್ಥಾನವನ್ನು ಗಳಿಸಿತು. ಅಭಿವೃದ್ಧಿಯ ಈ ಕಥೆ ಸಂತೋಷಕರವಾದುದೇ ಸರಿ.

ಆದರೆ ಪಂಡಿತರ ಪೀಠವೆಲ್ಲಿ? ಇದು ಮಂಗಳೂರಿನ ಒಂದು ಸಂಸ್ಥೆಯನ್ನು ಕುರಿತ ಪ್ರಶ್ನೆಯಲ್ಲ. ಮಠದ್ದಾಗಲಿ, ಚರ್ಚಿನದಾಗಲಿ, ಸರ್ಕಾರದ್ದಾಗಲಿ, ನಾಡಿನ ಎಲ್ಲ ಶಾಲೆಗಳನ್ನೂ ಕುರಿತದ್ದು. ಶಿಕ್ಷಣದ ಮಾಧ್ಯಮವಾಗಿ ಮಾತೃಭಾಷೆಯನ್ನು ಸರ್ಕಾರವು ಬಲವಂತವಾಗಿ ವಿಧಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿತು. ಮರುವರ್ಷ ಬಂದ ಕನ್ನಡ ಭಾಷಾ ಕಲಿಕೆ ಅಧಿನಿಯಮವು ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕೆಂದಿತು. ಹೀಗೆ ಕನ್ನಡಕ್ಕೆ ವೇಳಾಪಟ್ಟಿಯಲ್ಲಿ ಒಂದು ಗಂಟೆ ಖಾತರಿಯಾಯಿತು. ಆ ಗಂಟೆಯಲ್ಲಿ ಕರಿಹಲಗೆಯ ಮುಂದೆ ನಿಲ್ಲುವವನು ಯಾರು ಎಂಬುದನ್ನು ಮಾತ್ರ ಯಾವ ಅಧಿನಿಯಮವೂ ನಿಶ್ಚಯಿಸಲಾರದು. ಹಳಗನ್ನಡದ ಒಂದು ಪದ್ಯವನ್ನು ಅನ್ವಯಿಸಿ, ಅರ್ಥವನ್ನು ಬಿಡಿಸಿ, ರಾಗವಾಗಿ ಓದಿ ಹುಡುಗರ ಕಣ್ಣು ಅರಳಿಸಬಲ್ಲವನು ಆ ಗಂಟೆಗೆ ದೊರೆಯದಿದ್ದರೆ, ಕನ್ನಡವು ಅಂಕಪಟ್ಟಿಯಲ್ಲಿ ಉಳಿದು ನಾಲಗೆಯಿಂದ ಜಾರುತ್ತದೆ. ಕರಾವಳಿಯ ಹುಡುಗನಿಗೆ ಅದು ಮೊದಲಿನಿಂದ ಗಳಿಸಬೇಕಾದ ನುಡಿಯಾಗಿತ್ತು. ಕಪಿಲಾ ತೀರದ ಹುಡುಗನು ಹುಟ್ಟಿನಿಂದ ಬಂದುದನ್ನು ಕಳೆದುಕೊಳ್ಳುವಂತಾಗಬಾರದು.

ದಾನಿಗಳೂ ಉಪಾಧ್ಯಾಯರೂ ಯೋಚಿಸತಕ್ಕ ಸಂಗತಿ ಇದು. ಕಟ್ಟಡಕ್ಕೆ ಕೊಟ್ಟ ದಾನ ಕಣ್ಣಿಗೆ ಕಾಣುತ್ತದೆ. ಕಲ್ಲಿನ ಮೇಲೆ ಹೆಸರು ಕೊರೆಯಬಹುದು. ವಿದ್ವಾಂಸನನ್ನು ಪೊರೆಯಲು ಕೊಟ್ಟ ದಾನಕ್ಕೆ ಅಂಥ ಶಿಲಾಫಲಕವಿಲ್ಲ. ಲೋಬೋ ಪ್ರಭುಗಳು ಗುಡ್ಡವನ್ನು ಕೊಟ್ಟಾಗ, ಅರ್ಧ ಶತಮಾನದ ಬಳಿಕ ಅಲ್ಲಿ ಪಂಪನ ಮೇಲೆ ಗ್ರಂಥವೊಂದು ರೂಪುಗೊಂಡೀತೆಂದು ಎಣಿಸಿದ್ದಿರಲಾರರು. ಕೊಟ್ಟವನ ಎಣಿಕೆಯನ್ನು ಮೀರಿ ಫಲಿಸುವುದೇ ವಿದ್ಯಾದಾನದ ಹಿರಿಮೆ. ಮಠವಿರಲಿ, ಮಿಶನ್ ಇರಲಿ, ತನ್ನ ಶಾಲೆಯಲ್ಲಿ ನಾಡನುಡಿಯ ವಿದ್ವಾಂಸನಿಗೆ ಒಂದು ಕುರ್ಚಿ, ಒಂದು ಪುಸ್ತಕಭಂಡಾರ ಹಾಗೂ ಮರ್ಯಾದೆಯ ಸಂಬಳವನ್ನು ಕೊಡುವಷ್ಟು ಕಾಲವೂ ಆ ನೆಲ ಅದನ್ನು ತನ್ನದೆಂದು ಕರೆಯುತ್ತದೆ.