ಕಾವೇರಿ ಬರುತ್ತಾ?

ಊರು ಬಿಟ್ಟು ನಗರ ಸೇರಿದವರ ಉಡುಪು, ಮಾತಿನ ಧಾಟಿ, ಊಟದ ಹೊತ್ತು ಬದಲಾದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ನೀರು ಬಳಸುವ ರೀತಿ ಬದಲಾದದ್ದು ಮಾತ್ರ ಬದಲಾದವರ ಗಮನಕ್ಕೇ ಬರುವುದಿಲ್ಲ. ಆದರೆ ಬೆಂಗಳೂರಿಗೆ ಬಂದು ನೆಲೆಸಿದವರ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಬದಲಾಗುವುದು ಅದೇ. ಬೆಳಿಗ್ಗೆ ಏಳುವ ಹೊತ್ತು, ಬಟ್ಟೆ ನೆನೆಸುವ ದಿನ, ನೆಂಟರನ್ನು ಕರೆಯುವ ವಾರ, ಕೊನೆಗೆ ಬಾಡಿಗೆಯ ಮೊತ್ತ, ಇವನ್ನೆಲ್ಲ ಗೊತ್ತುಮಾಡುವ ಅಧಿಕಾರ ಈ ಊರಿನಲ್ಲಿ ನಲ್ಲಿಯ ಕೈಯಲ್ಲಿದೆ.

ಈ ಲೇಖಕ ಹುಟ್ಟಿ ಬೆಳೆದದ್ದು ಮಲೆನಾಡಿನ ಕೊಪ್ಪದ ಕಡೆಯ ಒಂದು ಒಂಟಿಮನೆಯಲ್ಲಿ. ಗುಡ್ಡದ ಬುಡದ ಅಂಥ ಮನೆಗಳಿಗೆ ಬರುವುದು ಅಬ್ಬಿ ನೀರು. ಮೇಲೆ ಕಾಡಿನೊಳಗೆ ಒಂದು ಒರತೆ, ಅದಕ್ಕೆ ನಾಲ್ಕು ಕಲ್ಲು ಅಡ್ಡ ಇಟ್ಟು ಮಾಡಿದ ಪುಟ್ಟ ಕಟ್ಟೆ. ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳು ಕೆರೆದು ತೆಗೆದ ದಬ್ಬೆಗಳನ್ನು ಕವೆಗೋಲಿನ ಮೇಲೆ ಒಂದರ ಬಾಯಿಗೆ ಒಂದು ಹೊಂದಿಸಿ ನೀರನ್ನು ಹಿತ್ತಲಿನ ತನಕ ಇಳಿಸುತ್ತಿದ್ದರು. ಅಲ್ಲಿ ಅದು ಕಲ್ಲುಮರಿಗೆಗೆ ಬಿದ್ದು, ತುಂಬಿ, ಹೊರಚೆಲ್ಲಿ ತೋಟದ ಕಪ್ಪಿನಲ್ಲಿ ಹರಿದು ಹೋಗುತ್ತಿತ್ತು. ದಬ್ಬೆ ಹೋಗಿ ಕರಿ ಪ್ಲಾಸ್ಟಿಕ್ ಪೈಪು ಬಂದ ಮೇಲೂ ಪದ್ಧತಿ ಬದಲಾಗಲಿಲ್ಲ. ಪೈಪಿನ ತುದಿಗೆ ನಲ್ಲಿ ಹಾಕಿದವರೂ ಅದನ್ನು ಪೂರ್ತಿ ಮುಚ್ಚುತ್ತಿರಲಿಲ್ಲ. ಮುಚ್ಚಿದರೆ ಒತ್ತಡ ಏರಿ ಗುಡ್ಡದ ಮೇಲೆ ಎಲ್ಲೋ ಒಂದು ಕಡೆ ಜಾಯಿಂಟ್ ಕಿತ್ತುಕೊಳ್ಳುತ್ತದೆ. ಮಳೆಯಲ್ಲಿ ಉಂಬಳ ಕಚ್ಚಿಸಿಕೊಂಡು ಹತ್ತಿ ಹೋಗಿ ಸರಿ ಮಾಡುವವರು ಯಾರು? ಹಗಲೂ ರಾತ್ರಿ ನೀರು ಬೀಳುವ ಸದ್ದು ಇದ್ದರೆ ಮನೆ ಸರಿಯಾಗಿದೆ ಎಂದರ್ಥ. ಸದ್ದು ನಿಂತರೆ ನಿದ್ದೆಯಲ್ಲಿದ್ದವರಿಗೂ ಎಚ್ಚರ. ಬಚ್ಚಲಿನ ಹಂಡೆಯ ಕೆಳಗೆ ಬೆಂಕಿ ಆರಿದ್ದು ಅಪರೂಪ. ಸ್ನಾನಕ್ಕೆ ಎಷ್ಟು ತಂಬಿಗೆ ಎಂದು ಲೆಕ್ಕ ಇಟ್ಟವರು ಯಾರೂ ಇರಲಿಲ್ಲ.

ಬೆಂಗಳೂರಿನ ಕಥೆ ಬೇರೆ. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದ ದಿಬ್ಬದ ಮೇಲೆ ಕೂತಿರುವ ಈ ಊರಿಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಬಿದ್ದ ಮಳೆ ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳ ದಾರಿ ಹಿಡಿದು ಇಳಿದು ಹೋಗುತ್ತದೆ. ಹಾಗಾಗಿ ಕೆಂಪೇಗೌಡರ ಕಾಲದಿಂದ ಊರು ಬದುಕಿದ್ದು ಕೆರೆ ಕಟ್ಟಿಕೊಂಡು, ಬಾವಿ ತೋಡಿಕೊಂಡು. ಪೇಟೆಗೆ ಧರ್ಮಾಂಬುಧಿ ಕೆರೆಯ ನೀರು ಸಿಗುತ್ತಿತ್ತು. ಊರಿನಿಂದ ಬರುವವರು ಬೆಂಗಳೂರಿನಲ್ಲಿ ಮೊದಲು ಕಾಲಿಡುವ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ಈಗ ಇರುವುದು ಆ ಕೆರೆಯ ಅಂಗಳದಲ್ಲೇ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕರಗದ ವಿಧಿಗೆಂದು ಒಂದು ಚಿಕ್ಕ ಕೊಳ ಮಾತ್ರ ಉಳಿದಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಕೊಳಾಯಿ ನೀರು ಬಂತು. ಆ ಕೆರೆ 1920ರ ದಶಕದಲ್ಲಿ ಕೈಕೊಟ್ಟಾಗ ಅದೇ ನದಿಯ ಇನ್ನೂ ಕೆಳಗೆ, ಕುಮುದ್ವತಿ ಬಂದು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ ಅಣೆಕಟ್ಟು ಕಟ್ಟಿದರು. 1933ರಲ್ಲಿ ಅದರ ನೀರು ಊರಿಗೆ ಬಂತು. ಅದೂ ಸಾಲದಾದಾಗ ಉಳಿದದ್ದು ಕಾವೇರಿ. ನೀರು ಸರಬರಾಜು ಮತ್ತು ಒಳಚರಂಡಿಗೆಂದೇ 1964ರಲ್ಲಿ ಮಂಡಳಿ ಹುಟ್ಟಿತು, ಹತ್ತು ವರ್ಷಕ್ಕೆ, 1974ರಲ್ಲಿ, ಕಾವೇರಿಯ ಮೊದಲ ಹಂತ ಮುಗಿಯಿತು. ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಿಯಾದ ನೀರನ್ನು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪು ಮಾಡಿ ಮೇಲೆತ್ತಬೇಕು. ದೂರ ಸುಮಾರು 100 ಕಿಲೋಮೀಟರ್, ಏರಬೇಕಾದ ಎತ್ತರ ಸುಮಾರು 500 ಮೀಟರ್. ಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ಕರೆಂಟ್ ಬಿಲ್ಲಿಗೇ ಹೋಗುತ್ತದೆ. ಗುಡ್ಡದಿಂದ ತಾನಾಗಿ ಇಳಿದ ನೀರು ಕುಡಿದು ಬೆಳೆದವನಿಗೆ, ಬೆಟ್ಟ ಹತ್ತಿಸಿ ತಂದ ನೀರು ಎಂಬುದೇ ಒಂದು ವಿಚಿತ್ರ. ನಿಜ ಹೇಳಬೇಕೆಂದರೆ ಬೆಂಗಳೂರೂ ತನ್ನ ಹಳೆಯ ಬದುಕನ್ನು ಬಿಟ್ಟು ಬಂದ ವಲಸಿಗನೇ. ಕೆರೆ ಬಾವಿಗಳ ಮುಂದೆ ಕಲಿತದ್ದನ್ನೆಲ್ಲ ಕೊಳಾಯಿ ಬಂದ ಮೇಲೆ ಮರೆತ ಊರು ಅದು. ಹಳೆಯ ಬಡಾವಣೆಗಳ ಮನೆಗಳಲ್ಲಿ ಹಿತ್ತಲ ಬಾವಿಯ ಮೇಲೆ ಚಪ್ಪಡಿ ಎಳೆದು, ಅದರ ಮೇಲೆ ತುಳಸಿ ಕುಂಡವನ್ನೋ ಸ್ಕೂಟರನ್ನೋ ನಿಲ್ಲಿಸಿರುವುದನ್ನು ಈಗಲೂ ಕಾಣಬಹುದು.

ಹೊಸದಾಗಿ ಬಂದವರ ಮೊದಲ ಪಾಠ ವಠಾರದಲ್ಲಿ ಆಗುತ್ತದೆ. ಈ ಲೇಖಕ ಬಾಡಿಗೆಗೆ ಸೇರಿದ ವಠಾರಕ್ಕೆ ದಿನ ಬಿಟ್ಟು ದಿನ, ಅದೂ ನಸುಕಿನಲ್ಲಿ, ನೀರು ಬರುತ್ತಿತ್ತು. ಬೀದಿಯ ತಿರುವಿನಲ್ಲಿ ನೆಲದಲ್ಲಿ ಹೂತ ಕಬ್ಬಿಣದ ಮುಚ್ಚಳ. ನೀರು ಬಿಡುವವನು ಆಳೆತ್ತರದ, ಮೇಲೆ ಅಡ್ಡಹಿಡಿ ಇರುವ ಕಬ್ಬಿಣದ ಕೀಲಿಯನ್ನು ಅದರೊಳಗೆ ಇಳಿಸಿ, ಗಾಣದ ಎತ್ತಿನ ಹಾಗೆ ಸುತ್ತು ಬಂದು ವಾಲ್ವ್ ತೆರೆಯುತ್ತಿದ್ದ. ನಲ್ಲಿ ಮೊದಲು ಕೆಮ್ಮುತ್ತದೆ, ಬರೀ ಗಾಳಿ ಬಿಡುತ್ತದೆ, ಆಮೇಲೆ ಕೆಂಪು ನೀರು ಎರಡು ಚೊಂಬು, ಆಮೇಲೆ ತಿಳಿನೀರು. ಗಾಳಿ ಬರುವ ಸದ್ದಿಗೆ ಏಳುವುದು, ಕೆಂಪು ನೀರನ್ನು ಗಿಡಕ್ಕೆಂದು ಬೇರೆ ಹಿಡಿಯುವುದು, ತಿಳಿಯಾದ ತಕ್ಷಣ ಕೊಡ ಇಡುವುದು ಕೆಲವೇ ವಾರಗಳಲ್ಲಿ ಮೈಗೂಡುತ್ತದೆ. ಓನರ್ ಆಂಟಿಯ ಕೂಗು ಗಡಿಯಾರದಷ್ಟೇ ನಂಬಿಕಸ್ಥ: “ಸಂಪ್ ತುಂಬ್ತಾ ಇದೆ, ಯಾರೂ ಮೋಟಾರ್ ಹಾಕ್ಬೇಡಿ!” ಭೂಮಿಯೊಳಗೆ ಸಂಪು, ತಾರಸಿಯ ಮೇಲೆ ಕಪ್ಪು ಟ್ಯಾಂಕು, ನಡುವೆ ಮೋಟಾರು. ಇವು ಮೂರೂ ಇಲ್ಲದ ಮನೆ ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ಹೊತ್ತಲ್ಲದ ಹೊತ್ತಿನಲ್ಲಿ, ಒಂದೆರಡು ಗಂಟೆ ಮಾತ್ರ ಬರುವ ನೀರನ್ನು ದಿನವಿಡೀ ಬರುವ ನೀರನ್ನಾಗಿ ಮಾಡಿಕೊಳ್ಳುವ ಏರ್ಪಾಡು ಅದು. ಮಂಡಳಿ ಬೀದಿಯವರೆಗೆ ತರುತ್ತದೆ. ಅಲ್ಲಿಂದ ಮೇಲಿನದು ಮನೆಯವರ ಪಾಡು.

ಸ್ನಾನದ ಕ್ರಮವೂ ಬದಲಾಗುತ್ತದೆ. ಹಂಡೆಯಲ್ಲಿ ಬಿಸಿನೀರು ಕಾಯುತ್ತಿದ್ದಾಗ ಬಚ್ಚಲೆಂದರೆ ಬೆಚ್ಚಗೆ ಕೂತು ಹರಟುವ ಜಾಗ. ನಗರದಲ್ಲಿ ಅದು ಒಂದು ಬಕೆಟ್ಟಿನ ಕೆಲಸ. ತಾರಸಿಯ ಸೋಲಾರಿನಿಂದ ಬಿಸಿನೀರು ಇಳಿದು ಬರುವ ಮುಂಚೆ ಪೈಪಿನಲ್ಲಿ ನಿಂತ ತಣ್ಣೀರೆಲ್ಲ ಹೊರಬರಬೇಕು. ಮೂರನೆಯ ಮಹಡಿಯಿಂದ ನೆಲಮಹಡಿಗೆ ಇಳಿಯಬೇಕಾದರೆ ಅದೇ ಒಂದು ಬಕೆಟ್. ಅದನ್ನು ಚೆಲ್ಲದೆ ಹಿಡಿದಿಟ್ಟು ಬಟ್ಟೆ ನೆನೆಸಲು ಬಳಸುವವರು ಪಕ್ಕಾ ಬೆಂಗಳೂರಿಗರು ಎಂದು ತಿಳಿಯಬಹುದು. ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ, ವಾಷಿಂಗ್ ಮಷೀನಿನ ಕೊನೆಯ ನೀರು ಅಂಗಳಕ್ಕೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಎದುರುಮನೆಯವರನ್ನು ನೋಡಿಯೇ ಬರುತ್ತದೆ. ಎಣ್ಣೆಸ್ನಾನ ಮಾತ್ರ ಹಬ್ಬಕ್ಕೆ ಉಳಿದುಕೊಂಡಿತು, ಅದೂ ನೀರು ಬರುವ ದಿನ ಹಬ್ಬ ಬಿದ್ದರೆ.

ಕಾವೇರಿ ಇಲ್ಲದ ಕಡೆ ಬೋರ್‌ವೆಲ್. ಗ್ರಾನೈಟ್, ನೈಸ್ ಬಂಡೆಗಳ ಸಂದಿಯಿಂದ ಮೇಲೆ ಬರುವ ಈ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ನಲ್ಲಿಯ ಬಾಯಲ್ಲಿ ಸುಣ್ಣದಂಥ ಬಿಳಿ ಹೆಪ್ಪು, ಸ್ಟೀಲ್ ಲೋಟದ ಮೇಲೆ ಮಾಸದ ಕಲೆ, ನೊರೆ ಏಳದ ಸೋಪು ಇವೆಲ್ಲ ಅದರ ಗುರುತು. ಕೂದಲು ಉದುರುವುದನ್ನೂ ಬೆಂಗಳೂರಿಗರು ಅದರ ತಲೆಗೇ ಕಟ್ಟುತ್ತಾರೆ. ಬೋಳಾದವರೆಲ್ಲ ನೀರನ್ನೇ ದೂರುವುದು ಪೂರ್ತಿ ನ್ಯಾಯವಲ್ಲದಿರಬಹುದು. ಊರಿನಿಂದ ಬಂದಿದ್ದ ಲೇಖಕನ ಅಮ್ಮ ತೊಗರಿಬೇಳೆ ಬೇಯಿಸಲು ಇಟ್ಟು, ಕುಕ್ಕರ್ ಮುಚ್ಚಳ ತೆಗೆದು, ಸೌಟಿನಿಂದ ಒಂದು ಕಾಳು ಹಿಚುಕಿ ನೋಡಿ, “ಇದೆಂಥ ನೀರೋ ಮಾರಾಯ, ಬೇಳೆನೇ ಬೇಯಲ್ವಲ್ಲ!” ಎಂದು ಮತ್ತೆ ಮುಚ್ಚಳ ಹಾಕಿದ್ದರು. ಬೇಳೆಯ ತಪ್ಪಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಕಾಳಿನೊಳಗಿನ ಪೆಕ್ಟಿನ್ ಜೊತೆ ಸೇರಿ ಅದನ್ನು ಮೆತ್ತಗಾಗಲು ಬಿಡುವುದಿಲ್ಲ. ಮಾರನೆಯ ದಿನದಿಂದ ಬೇಳೆಗೂ ಕಾಫಿಗೂ ಇಪ್ಪತ್ತು ಲೀಟರಿನ ಕ್ಯಾನ್ ನೀರು. ಹೀಗೆ ಒಂದೇ ಮನೆಯಲ್ಲಿ ಕುಡಿಯಲು ಒಂದು ನೀರು, ಮೀಯಲು ಒಂದು, ಒರೆಸಲು ಇನ್ನೊಂದು ಎಂಬ ಭೇದ ಹುಟ್ಟಿಕೊಳ್ಳುತ್ತದೆ. ಕ್ಯಾನಿನ ನೀರಿನಲ್ಲಿ ಕೈ ತೊಳೆದವರನ್ನು ಮನೆಯವರು ನೋಡುವ ನೋಟ, ಮಡಿ ಬಟ್ಟೆ ಮುಟ್ಟಿದವರನ್ನು ಅಜ್ಜಿಯಂದಿರು ನೋಡುತ್ತಿದ್ದ ನೋಟಕ್ಕಿಂತ ಮೆದುವೇನಲ್ಲ.

ಮನೆ ಹುಡುಕುವವರು ಬ್ರೋಕರಿಗೆ ಕೇಳುವ ಮೊದಲ ಪ್ರಶ್ನೆ “ಕಾವೇರಿ ಬರುತ್ತಾ?” ಎಂಬುದೇ. ಬಿಸಿಲು, ಗಾಳಿ, ವಾಸ್ತು ಎಲ್ಲ ಆಮೇಲೆ. “ಬೋರ್ ಇದೆ, ಕಾವೇರಿ ಲೈನ್ ಹಾಕಿದ್ದಾರೆ, ಬರುತ್ತೆ ಸಾರ್” ಎಂಬ ಉತ್ತರ ಬಂದರೆ ‘ಬರುತ್ತೆ’ ಎಂಬುದಕ್ಕೆ ವರ್ಷಗಳ ಲೆಕ್ಕ ಹಾಕಿಕೊಳ್ಳಬೇಕು. 2007ರಲ್ಲಿ ಪಾಲಿಕೆಯ ಗಡಿ ಹಿಗ್ಗಿದಾಗ ಒಳಗೆ ಬಂದ 110 ಹಳ್ಳಿಗಳಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು, ಕಾವೇರಿ ಮಾತ್ರ ಬಹುಕಾಲ ಹಿಂದೆಯೇ ಉಳಿಯಿತು. ಅಲ್ಲಿಯವರಿಗೆ ಟ್ಯಾಂಕರೇ ನದಿ. 2024ರ ಬೇಸಿಗೆಯಲ್ಲಿ, ಹಿಂದಿನ ವರ್ಷದ ಮಳೆ ಕೈಕೊಟ್ಟು ಬೋರ್‌ಗಳು ಬತ್ತಿದಾಗ, ಆ ನದಿಯೂ ತುಟ್ಟಿಯಾಯಿತು. ಆ ಮಾರ್ಚಿನಲ್ಲಿ ಮಂಡಳಿ ಕುಡಿಯುವ ನೀರಿನಿಂದ ಕಾರು ತೊಳೆಯುವುದನ್ನೂ ತೋಟಕ್ಕೆ ಬಿಡುವುದನ್ನೂ ನಿಷೇಧಿಸಿ, ಮೀರಿದವರಿಗೆ 5000 ರೂಪಾಯಿ ದಂಡ ಎಂದಿತು. ನಲ್ಲಿಗಳ ಬಾಯಿಗೆ ಏರೇಟರ್ ಹಾಕಿಸಲು ಹೇಳಿತು. ಅಪಾರ್ಟ್‌ಮೆಂಟುಗಳ ವಾಟ್ಸಾಪ್ ಗುಂಪುಗಳಲ್ಲಿ ಬೆಳಗಿನ ಶುಭಾಶಯಗಳ ಜಾಗವನ್ನು ಟ್ಯಾಂಕರ್ ಬರುವ ವೇಳೆ ಹಿಡಿಯಿತು. ಊಟಕ್ಕೆ ಸ್ಟೀಲ್ ತಟ್ಟೆ ಬಿಟ್ಟು ಅಡಿಕೆ ಹಾಳೆಯ ತಟ್ಟೆ ತರಿಸಿದ ಮನೆಗಳಿದ್ದವು. ಅದೇ ವರ್ಷ ಅಕ್ಟೋಬರ್ 16ರಂದು ದಿನಕ್ಕೆ 775 ದಶಲಕ್ಷ ಲೀಟರಿನ ಐದನೇ ಹಂತ ಚಾಲೂ ಆಯಿತು. ಪೈಪು ತಲುಪಿದ ಬೀದಿಗಳಲ್ಲಿ ಬಾಡಿಗೆ ಏರಿತೇ ಹೊರತು ಜನ ನಲ್ಲಿ ಬಿಟ್ಟು ಹಲ್ಲುಜ್ಜುವ ಕಾಲಕ್ಕೆ ಮರಳಲಿಲ್ಲ. ಒಮ್ಮೆ ಬತ್ತಿದ್ದನ್ನು ನೋಡಿದ ಕೈ ಅಷ್ಟು ಸುಲಭಕ್ಕೆ ಸಡಿಲವಾಗುವುದಿಲ್ಲ.

ಆ ಕೈ ಊರಿಗೆ ಹೋದಾಗಲೂ ಸುಮ್ಮನಿರದು. ಬೆಂಗಳೂರಿನಲ್ಲೇ ಹುಟ್ಟಿದ ಲೇಖಕನ ಮಗಳು ರಜೆಗೆ ಅಜ್ಜನ ಮನೆಗೆ ಹೋದವಳು ಹಿತ್ತಲಲ್ಲಿ ಸುಮ್ಮನೆ ಬೀಳುತ್ತಿದ್ದ ನೀರನ್ನು ನೋಡಲಾರದೆ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಬಂದಿದ್ದಳು. ಸಂಜೆಗೆ ಗುಡ್ಡದ ಮೇಲೆ ಪೈಪು ಕಿತ್ತು, ಅಜ್ಜ ಟಾರ್ಚು, ಕತ್ತಿ ಹಿಡಿದು ಹತ್ತಬೇಕಾಯಿತು. “ವೇಸ್ಟ್ ಆಗ್ತಿತ್ತಲ್ಲ ಅಜ್ಜ” ಎಂದಳು. “ತೋಟಕ್ಕೆ ಹೋಗೋ ನೀರು ಕಣೇ ಅದು” ಎಂದರು ಅಜ್ಜ. ಇಬ್ಬರೂ ತಮ್ಮ ತಮ್ಮ ಊರಿನ ಪ್ರಕಾರ ಸರಿಯೇ.

ಬೆಂಗಳೂರಿನಲ್ಲಿ ಬಳಸಿ ಬಿಟ್ಟ ನೀರು ಎಲ್ಲಿ ಹೋಗುತ್ತದೆ ಎಂಬುದು ಮಾತ್ರ ಬಹುಕಾಲ ಯಾರಿಗೂ ಬೇಡದ ಪ್ರಶ್ನೆಯಾಗಿತ್ತು. ಬೆಳ್ಳಂದೂರು ಕೆರೆ ನೊರೆ ಕಾರಿದಾಗ ಉತ್ತರ ಎಲ್ಲರಿಗೂ ಕಂಡಿತು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧಿ ಮಾಡಿ, ಪೈಪಿನಲ್ಲಿ ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರದ ಕೆರೆ. ಈ ನೀರು ನೇರ ಬಳಕೆಗೆ ಅಲ್ಲ, ಅಂತರ್ಜಲ ಏರಲಿ ಎಂದು. ಮೂರನೇ ಹಂತದ ಶುದ್ಧೀಕರಣ ಇಲ್ಲದ್ದಕ್ಕೆ ತಕರಾರು ಇದೆ, ಇರಬೇಕಾದ ತಕರಾರೇ. ಆದರೂ ವರ್ಷಗಟ್ಟಲೆ ಬತ್ತಿದ್ದ ಬೋರ್‌ಗಳಲ್ಲಿ ನೀರು ಕಂಡ ರೈತರು ಅದನ್ನು ಬೇಡ ಎನ್ನುತ್ತಿಲ್ಲ. ಲೇಖಕನ ಅಪಾರ್ಟ್‌ಮೆಂಟಿನ ಕಾವಲುಗಾರ ಕೋಲಾರದ ಕಡೆಯವರು. ಮಳೆ ಬಾರದೆ, ಬೋರ್ ಕೊರೆಸಿ ಸಾಲ ಮಾಡಿಕೊಂಡು, ಜಮೀನು ಬಿಟ್ಟು ಬಂದವರು. ತಾರಸಿಯ ಟ್ಯಾಂಕು ತುಂಬಿ ಹೊರಚೆಲ್ಲಿದಾಗ ಮೋಟಾರ್ ಆಫ್ ಮಾಡಲು ಓಡುವವರು ಅವರೇ. ಒಂದು ದಿನ ಓಡದೆ ನಿಧಾನಕ್ಕೆ ನಡೆದು ಹೋಗಿ ಸ್ವಿಚ್ ಒತ್ತಿ ಬಂದವರು, “ಮೋರಿಗೆ ಹೋದ್ರೆ ಹೋಗ್ಲಿ ಬಿಡಿ ಸಾರ್, ನಮ್ಮೂರ ಕೆರೆಗೇ ತಾನೆ ಹೋಗೋದು” ಎಂದರು.