ನಾಲ್ಕು ಲೇನಿನಾಗ ಅತ್ತಿಯ ಸ್ಕೂಟಿ

ಈ ಸಲ ಸಂಕ್ರಾಂತಿಗೆ ಬಾಗಲಕೋಟೆಗೆ ಹೋದಾಗ ನನ್ನ ಬ್ಯಾಗಿನಲ್ಲಿ ಇದ್ದದ್ದು ಎರಡು ಜೊತೆ ಬಟ್ಟೆ, ಆಫೀಸಿನ ಲ್ಯಾಪ್‌ಟಾಪ್, ಮತ್ತೆ ಒಂದು ಹೊಸ ಹೆಲ್ಮೆಟ್. ಹೆಲ್ಮೆಟ್ ಹುನಗುಂದದ ಅತ್ತಿಗೆ, ಅಂದರೆ ಅಪ್ಪನ ತಂಗಿಗೆ.

ಎರಡು ವರ್ಷದ ಹಿಂದೆ ಮಾವ ರಾತ್ರಿ ಲೋಕಾಪುರದ ಕಡೆಯಿಂದ ಬರುವಾಗ ರಸ್ತೆಯಲ್ಲೇ ಕೆಟ್ಟು ನಿಂತಿದ್ದ ಕಬ್ಬಿನ ಟ್ರೇಲರ್‌ಗೆ ಬೈಕ್ ಗುದ್ದಿದರು. ಟ್ರೇಲರ್ ಹಿಂದೆ ಲೈಟಿರಲಿಲ್ಲ, ಒಂದು ತುಂಡು ರಿಫ್ಲೆಕ್ಟರ್ ಕೂಡ ಇರಲಿಲ್ಲ. ಜೀವ ಉಳಿಯಿತು, ಕಾಲಿಗೆ ರಾಡ್ ಹಾಕಿದರು. ಆಮೇಲೆ ಮಾವ ಗಾಡಿ ಮುಟ್ಟಲಿಲ್ಲ, ಆ ರಾತ್ರಿಯ ಮಾತೂ ಎತ್ತಲಿಲ್ಲ. ನಲವತ್ತೆಂಟರ ಅತ್ತಿ ಸ್ಕೂಟಿ ಕಲಿತಳು. ಇಳಕಲ್ಲಿನ ಅಂಗಡಿಗಳಿಂದ ಸೀರೆ ತಂದು, ಮನೆಯಲ್ಲಿ ಫಾಲ್ ಹಚ್ಚಿ, ಕುಚ್ಚು ಕಟ್ಟಿ, ವಾಪಸ್ ಒಯ್ದು ಕೊಡುವುದು ಅವಳ ಕೆಲಸ. ವಾರಕ್ಕೆ ನಾಲ್ಕು ದಿನ ಹೈವೇ ಮೇಲೆ.

ಅಪ್ಪನ ಹಳೇ ಸ್ಪ್ಲೆಂಡರ್ ತೆಗೆದೆ. “ಸೀದಾ ಅಮೀನಗಡ ಮ್ಯಾಲೆ ಹೋದ್ರ ಒಂದೂವರಿ ತಾಸು. ಬಾದಾಮಿ ಸುತ್ತಿ ಯಾಕ ಹೊಂಟಿ?” ಅಂತ ಅವ್ವ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ರಜೆ, ಚಳಿಯ ಬೆಳಗು, ಪೆಟ್ರೋಲ್ ಫುಲ್.

ನವನಗರ ದಾಟುವಾಗ ಬೈಕಿಗೆ ಜಾಗದ ಕೊರತೆ ಇಲ್ಲವೇ ಇಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಭಾಗ ಹೋದ ಮೇಲೆ ಸೆಕ್ಟರ್ ಲೆಕ್ಕದಲ್ಲಿ ಕಟ್ಟಿದ ಊರು, ರಸ್ತೆಗಳೆಲ್ಲ ಅಗಲ. ಅದಕ್ಕೇ ಇರಬೇಕು, ಹುಡುಗರು ಹೆಲ್ಮೆಟ್ ಮೊಣಕೈಗೆ ಸಿಕ್ಕಿಸಿಕೊಂಡು ತಿರುಗುತ್ತಾರೆ.

ಗುಳೇದಗುಡ್ಡದಲ್ಲಿ ಚಹಾಕ್ಕೆ ನಿಂತಾಗ ಪಕ್ಕದಲ್ಲೊಂದು ಬೈಕ್ ಬಂತು. ಹಿಂದೆ ಇಳಕಲ್ ಸೀರೆ ಉಟ್ಟ ಅಜ್ಜಿ, ಎರಡೂ ಕಾಲು ಒಂದೇ ಬದಿಗೆ ಇಳಿಬಿಟ್ಟು ಕೂತಿದ್ದಳು. ಟೋಪ ತೆನಿ ಸೆರಗು ಗಾಲಿಯ ಹತ್ತಿರವೇ ಆಡುತ್ತಿತ್ತು. ಮೊಮ್ಮಗ ಸ್ಟೈಲಿಗೆ ಅಂತ ಸೀರೆ ಗಾರ್ಡ್ ಬಿಚ್ಚಿಸಿಬಿಟ್ಟಿದ್ದ. ಹಿಂದೆ ಕೂತವರಿಗೆ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಗಾಲಿಯ ಅರ್ಧವಾದರೂ ಮುಚ್ಚುವ ಕವಚ ಇರಲೇಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮವೇ ಇದೆ. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣ ತೊಡುವ ನಾಡಿನಲ್ಲಿ ಆ ತುಂಡು ಕಬ್ಬಿಣದ ಬೆಲೆ ಗೊತ್ತಿರಬೇಕಿತ್ತು. ಹೇಳಿದೆ. ಹುಡುಗ ನಕ್ಕ. ಅಜ್ಜಿ ಮಾತ್ರ ಸೆರಗು ಎಳೆದು ನಡಕ್ಕೆ ಸಿಕ್ಕಿಸಿಕೊಂಡಳು.

ಬಾದಾಮಿಯಲ್ಲಿ ಬನಶಂಕರಿ ಜಾತ್ರೆಯ ಗದ್ದಲ. ತೇರು ಬನದ ಹುಣ್ಣಿಮೆಗೇ ಮುಗಿದಿರುತ್ತದೆ, ನಾಟಕ ಕಂಪನಿಗಳು ಮಾತ್ರ ವಾರಗಟ್ಟಲೆ ನಿಲ್ಲುತ್ತವೆ. ರಾತ್ರಿಯೆಲ್ಲ ನಾಟಕ ನೋಡಿ, ನಸುಕಿಗೆ ನಿದ್ದೆಗಣ್ಣಲ್ಲಿ ಒಂದೇ ಬೈಕಿಗೆ ಮೂವರು ಹತ್ತಿ ಊರಿಗೆ ಹೊರಡುತ್ತಾರೆ. ನಾವೂ ಹಾಗೇ ಹೋದವರು. ಆಗ ಭಯ ಅನ್ನಿಸಿರಲಿಲ್ಲ. ಗುಹೆಗಳ ಕಡೆ ಹೋಗಲಿಲ್ಲ, ಅಗಸ್ತ್ಯ ತೀರ್ಥದ ದಂಡೆಯಲ್ಲಿ ಹತ್ತು ನಿಮಿಷ ಕೂತು ಎದ್ದೆ.

ಪಟ್ಟದಕಲ್ಲು, ಐಹೊಳೆ ದಾರಿ ಚೆಂದ, ಆದರೆ ಕಿರಿದು. ಎದುರಿಗೆ ಬಸ್ ಬಂದರೆ ರಸ್ತೆ ಬಸ್ಸಿನದು, ಡಾಂಬರು ಬಿಟ್ಟು ಮಣ್ಣಿಗೆ ಇಳಿಯುವುದು ಬೈಕಿನ ಪಾಲು. ಎಲ್ಲೂ ಬರೆದಿಲ್ಲ, ಎಲ್ಲರಿಗೂ ಗೊತ್ತು. ಒಂದು ಕಡೆ ಅರ್ಧ ರಸ್ತೆಗೆ ತೊಗರಿ ಹರವಿದ್ದರು, ಗಾಡಿಗಳು ತುಳಿದು ರಾಶಿ ಆಗಲಿ ಅಂತ. ಒಣ ಕಟ್ಟಿಗೆಯ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಬೈಕ್ ಮಲಗುತ್ತದೆ. ನಾನು ಗಾಡಿ ನಿಲ್ಲಿಸಿ, ಇಳಿದು, ತಳ್ಳಿಕೊಂಡು ದಾಟಿದೆ. ಹೊಲದವರು “ಹತ್ತಿಸ್ರಿ, ಏನಾಗಂಗಿಲ್ಲ” ಅಂದರು. ಅವರಿಗೂ ಕಣ ಮಾಡಲು ಬೇರೆ ಜಾಗ ಇಲ್ಲ, ಇದೂ ನಿಜ.

ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಹುನಗುಂದ ಸೇರುವಾಗ ಸಂಜೆ.

ಹೆಲ್ಮೆಟ್ ನೋಡಿ ಅತ್ತಿ ಖುಷಿಪಟ್ಟಳು, ಬೆಲೆ ಕೇಳಿ ಬೈದಳು. ನಾನು ಓದಿದ ಅಂಕಿ ಹೇಳಿದೆ: ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491, ಅದರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಮಾವ ಎದ್ದು ಒಳಗೆ ಹೋದರು. ನಾನು ಬಾಯಿ ಮುಚ್ಚಬೇಕಿತ್ತು.

ಮರುದಿನ ಅತ್ತಿಯ ಜೊತೆ ಇಳಕಲ್‌ಗೆ ಹೊರಟೆ. ಅವಳು ಸ್ಕೂಟಿ, ಕಾಲಡಿ ಸೀರೆ ಗಂಟು; ನಾನು ಹಿಂದೆ ಬೈಕಿನಲ್ಲಿ. ವಿಜಯಪುರದಿಂದ ಹುನಗುಂದ, ಇಳಕಲ್, ಕುಷ್ಟಗಿ ಮೇಲೆ ಹೊಸಪೇಟೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50, ಹಳಬರ ಬಾಯಲ್ಲಿ ಇನ್ನೂ 13. ಅತ್ತಿ ಮನೆಯ ಓಣಿಯಿಂದ ಹೊರಬಿದ್ದವಳೇ ಬಲಕ್ಕೆ ತಿರುಗಿ, ಎದುರು ಬರುವ ಲಾರಿಗಳ ಪಕ್ಕದಲ್ಲಿ ಬಿಳಿ ಗೆರೆ ಹಿಡಿದು ಹೊರಟಳು. ನನ್ನ ಎದೆ ಬಾಯಿಗೆ ಬಂತು. ನಾನೂರು ಮೀಟರ್ ಹೋಗಿ, ಮೀಡಿಯನ್ ಒಡೆದ ಕಡೆ ದಾಟಿ, ಆಚೆ ಬದಿ ಸೇರಿ ಕೈ ಬೀಸಿದಳು.

“ಅತ್ತಿ, ಇದು ರಾಂಗ್ ಸೈಡ್. 2019ರ ತಿದ್ದುಪಡಿ ಆದಮ್ಯಾಲೆ ಇದನ್ನ ಅಪಾಯಕಾರಿ ಚಾಲನೆ ಅಂತ ಹೆಸರಿಟ್ಟೇ ಕಾನೂನಿನಾಗ ಬರದಾರ.”

“ನೀ ಬೆಂಗಳೂರಾಗ ಕುಂತು ರೂಲ್ಸ್ ಹೇಳಬ್ಯಾಡ. ಬರೋವಾಗ ಬರೋಬ್ಬರಿ ದಾರಿ ತೋರಸ್ತೀನಿ, ನೀನ ಹೋಗಿ ನೋಡು.”

ಇಳಕಲ್‌ನಲ್ಲಿ ಗಂಟು ಕೊಟ್ಟು ಬಂದೆವು. ಮಧ್ಯಾಹ್ನ ನಾನೊಬ್ಬನೇ ಅವಳ ಓಣಿಯಿಂದ ಕಾನೂನಿನ ಪ್ರಕಾರ ಹೊರಟೆ. ಎಡಕ್ಕೆ ತಿರುಗಿ ವಿಜಯಪುರದ ಕಡೆ ಎರಡು ಕಿಲೋಮೀಟರ್ ಹೋಗಬೇಕು. ದೂರದ್ದೇನೂ ತಕರಾರಿಲ್ಲ. ಆದರೆ ಯು-ಟರ್ನ್ ಇರುವುದು ಮೀಡಿಯನ್ ಪಕ್ಕದಲ್ಲಿ. ಅಲ್ಲಿಗೆ ಹೋಗಲು ಎಡ ಅಂಚು ಬಿಟ್ಟು, ಎರಡೂ ಲೇನ್ ಅಡ್ಡ ದಾಟಿ, ಕಾರುಗಳು ನೂರರ ಮೇಲೆ ಬರುವ ಬಲದ ಲೇನಿನಲ್ಲಿ ನಿಲ್ಲಬೇಕು. ನಿಂತೆ. ನಿಲ್ಲಲು ಬೇರೆ ಪಟ್ಟಿ ಇಲ್ಲ, ಬೋರ್ಡಿಲ್ಲ, ದೀಪ ಇಲ್ಲ. ಹಿಂದಿನಿಂದ ಗ್ರಾನೈಟ್ ಬ್ಲಾಕ್ ಹೊತ್ತ ಲಾರಿಯೊಂದು ಹಾರ್ನ್ ಒತ್ತಿಕೊಂಡೇ ಬಂದು ಎಡಕ್ಕೆ ಹೊರಳಿತು. ಅದರ ಗಾಳಿಗೇ ಬೈಕ್ ಅಲುಗಿತು. ಸ್ಕೂಟಿಯಲ್ಲಿ ನಲವತ್ತರ ವೇಗದ ಅತ್ತಿ ಇಲ್ಲಿ ವಾರಕ್ಕೆ ನಾಲ್ಕು ಸಲ ನಿಲ್ಲಬೇಕು ಅಂತ ನಾನು ಹೇಳಿದ್ದೆ.

ಸರ್ವಿಸ್ ರಸ್ತೆ ಇಲ್ಲವೇ ಅಂದರೆ, ಇದೆ. ಅರ್ಧಕ್ಕೆ. ಆ ಅರ್ಧದಲ್ಲಿ ಲಾರಿಗಳು ನಿಂತಿರುತ್ತವೆ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಲೇನುಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್ ಬಂದ್ ಮಾಡಿದಾಗ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಕುದಿದಿದ್ದೆವು. ರಸ್ತೆ ಎಲ್ಲರದು ಅಂತ ಬರೆದವನು ನಾನೇ. ಇಲ್ಲಿ ಯಾರೂ ಬಂದ್ ಮಾಡಿಲ್ಲ, ಬೈಕಿಗೆ ಟೋಲ್ ಕೂಡ ಇಲ್ಲ. ಹೋಗಲು ಬಿಟ್ಟಿದ್ದಾರೆ, ಜಾಗ ಮಾತ್ರ ಇಟ್ಟಿಲ್ಲ. ಮಲೇಷ್ಯಾದ ಫೆಡರಲ್ ಹೈವೇ ಪಕ್ಕದಲ್ಲಿ 1970ರ ದಶಕದಲ್ಲೇ ಬೈಕುಗಳಿಗಾಗಿ ಬೇರೆ ಲೇನ್ ಹಾಕಿದರು. ನಮಗೆ ಅಷ್ಟು ಬೇಡ. ಸರ್ವಿಸ್ ರಸ್ತೆ ಪೂರ್ತಿ ಆಗಲಿ, ಲಾರಿ ತೆಗೆಸಲಿ, ಯು-ಟರ್ನ್ ಹತ್ತಿರ ನಿಲ್ಲಲು ಒಂದು ಪಟ್ಟಿ, ಒಂದು ದೀಪ ಹಾಕಲಿ, ಸಾಕು.

ಸಂಜೆ ಅತ್ತಿಗೆ “ನೀ ಹೇಳಿದ್ದು ಖರೆ, ಆದ್ರೂ ರಾಂಗ್ ಸೈಡ್ ಬ್ಯಾಡ” ಅಂದೆ. ಮುಂಜಾನೆ ಬಿಸಿಲು ಲಾರಿ ಡ್ರೈವರ್‌ನ ಕಣ್ಣಿಗೆ ಹೊಡೆದರೆ ಅವಳು ಕಾಣುವುದೇ ಇಲ್ಲ. ಆಗ ಪಕ್ಕದ ಮನೆಯ ಹುಡುಗಿ ಒಂದು ದಾರಿ ಹೇಳಿದಳು: ಹಳ್ಳದ ಸೇತುವೆ ಕೆಳಗೆ ಎತ್ತಿನ ಗಾಡಿ ದಾಟುವ ಹಾದಿ. ಹೋಗಿ ನೋಡಿದೆವು. ಕೆಸರು ಒಣಗಿದೆ, ಜಾಲಿ ಮುಳ್ಳು ಸರಿಸಿದರೆ ಸ್ಕೂಟಿ ಹೋಗುತ್ತದೆ, ಮಳೆ ಬರುವ ತನಕ.

ಮಳೆಯ ಮಾತಿಗೆ ಅರ್ಜಿ ಬರೆಯಲು ಕೂತೆವು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಒಂದು ಪ್ರತಿ, ಹೆದ್ದಾರಿಯವರಿಗೆ ಒಂದು. ಹೆದ್ದಾರಿ ಸಹಾಯವಾಣಿ 1033ಕ್ಕೂ ಫೋನ್ ಮಾಡಿ ಲಾರಿಗಳ ದೂರು ಬರೆಸಿದೆ. ಅತ್ತಿ ಓಣಿಯಲ್ಲಿ ಮನೆ ಮನೆ ತಿರುಗಿ ಹತ್ತೊಂಬತ್ತು ಸಹಿ ತಂದಳು. ಒಬ್ಬ ಮಾತ್ರ “ಇದರಿಂದ ಏನಾಗತೈತಿ” ಅಂದನಂತೆ, ಸಹಿ ಹಾಕಿಯೇ ಅಂದನಂತೆ.

ನಾನು ಹಾಳೆ ಮಡಚುವಾಗ ಮಾವ ಒಳಗಿನಿಂದ ಕೋಲು ಊರಿಕೊಂಡು ಬಂದರು. “ತಮ್ಮಾ, ಪೆನ್ ಕೊಡು ಇಲ್ಲೆ.” ಕೂತು, ಸಹಿಗಳ ಮೇಲೆ ಉಳಿದಿದ್ದ ಜಾಗದಲ್ಲಿ ನಿಧಾನಕ್ಕೆ ಬರೆದರು: ಕಬ್ಬಿನ ಗಾಡಿಗಳ ಹಿಂದೆ ಕೆಂಪು ರಿಫ್ಲೆಕ್ಟರ್ ಹಚ್ಚಿಸಬೇಕು, ಕೆಟ್ಟು ನಿಂತ ಗಾಡಿ ರಾತ್ರಿ ರಸ್ತೆ ಮೇಲೆ ಬಿಡಬಾರದು. ಕೆಳಗೆ ಇಪ್ಪತ್ತನೇ ಸಹಿ ಹಾಕಿ, ಪಕ್ಕದಲ್ಲಿ ಎರಡು ವರ್ಷದ ಹಿಂದಿನ ಆ ತಾರೀಖು ಬರೆದರು.